ಬಿಸಿಲು ನಾಡಿನಲ್ಲಿ ಗೋಲ್ಡ್‌ಫಿಶ್: ಹೊಸ ಟ್ಯಾಂಕಿನ ನೀರು ಹದಕ್ಕೆ ತರುವ ಸಮಗ್ರ ಮಾರ್ಗದರ್ಶಿ

ನನ್ನ ಮಗಳ ಮೊದಲ ಎರಡು ಗೋಲ್ಡ್‌ಫಿಶ್ ಸತ್ತದ್ದು ಮನೆಗೆ ಬಂದ ಒಂಬತ್ತನೇ ದಿನ. ಟ್ಯಾಂಕಿನ ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಹಿಂದಿನ ಸಂಜೆಯಷ್ಟೇ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಾಂಜ್, ಗಾಜು ಎಲ್ಲವನ್ನೂ ನಳದ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬಿದ್ದೆ. ಮೀನಿಗೆ ಒಳ್ಳೆಯದಾಗಲಿ ಎಂದೇ ಅಷ್ಟು ದುಡಿದಿದ್ದೆ. ಆ ತೊಳೆತವೇ ಅವುಗಳ ಜೀವಕ್ಕೆ ಎರವಾಯಿತು ಎಂಬುದು ಅರ್ಥವಾಗಲು ಎಷ್ಟೋ ತಿಂಗಳು ಹಿಡಿಯಿತು.

ರಾಯಚೂರಿನಲ್ಲಿ ಕೂತು ಮೀನು ಸಾಕುವ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಂಪು ಊರಿನ, ಮೆದು ನೀರಿನ ಜನ ಹೇಳಿದವು. ನಮ್ಮ ಬೋರ್ ನೀರು ಗಡಸು, ಕೆಲವು ಓಣಿಗಳಲ್ಲಿ ಬಾಯಿಗಿಡಲಾಗದಷ್ಟು ಸವಳು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಳ ಬಂದ ದಿನ ನೀರು ಹಿಡಿದಿಡಬೇಕು. ಬಳ್ಳಾರಿ, ಕೊಪ್ಪಳದವರ ಪಾಡೂ ಹೆಚ್ಚು ಬೇರೆಯಲ್ಲ. ಇಷ್ಟರ ನಡುವೆಯೂ ಚೆನ್ನಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಅದಕ್ಕೆ ಮೀನು ತರುವ ಮೊದಲೇ ನೀರಿನ ಕೆಲಸ ಶುರುವಾಗಬೇಕು.

ಕಣ್ಣಿಗೆ ಕಾಣದ ವಿಷ

ಗೋಲ್ಡ್‌ಫಿಶ್ ಗೆಂಡೆ ಕುಲದ ಮೀನು. ಅದಕ್ಕೆ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹೀಗಾಗಿ ದಿನವಿಡೀ ಮೇಯುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ನಾವು ನೋಡುವ ದಾರದಂಥ ಹಿಕ್ಕೆ ಆ ಹೊಲಸಿನ ಒಂದು ಪಾಲು ಮಾತ್ರ. ಮೀನಿನ ಮೈಯಿಂದ ಅಮೋನಿಯಾ ಬಹುಪಾಲು ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ಮಿಕ್ಕ ಆಹಾರ ಕೊಳೆತರೆ ಅದೂ ಅಮೋನಿಯಾ ಆಗುತ್ತದೆ. ಇದಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವ ಪ್ರಮಾಣದಲ್ಲಿ ಇದ್ದಾಗಲೂ ನಮ್ಮ ಮೂಗಿಗೆ ವಾಸನೆ ತಾಗುವುದಿಲ್ಲ.

ಕೆರೆ, ಹೊಳೆಗಳಲ್ಲಿ ಈ ಅಮೋನಿಯಾವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಾ ಇರುವುದಿಲ್ಲ. ಫಿಲ್ಟರಿನ ಸ್ಪಾಂಜ್, ಕಲ್ಲು, ಗಾಜಿಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ಅಂಗಡಿಯಿಂದ ತಂದ ಹೊಸ ಟ್ಯಾಂಕಿನಲ್ಲಿ ಅವು ಇಲ್ಲವೆಂದೇ ಹೇಳಬಹುದು. ಅವು ನೆಲೆಯೂರಲು 3ರಿಂದ 6 ವಾರ ಬೇಕು. ನಾನು ಅಂದು ನಳದ ಕೆಳಗೆ ತಿಕ್ಕಿ ತೊಳೆದದ್ದು ಎಂಟು ದಿನದಲ್ಲಿ ಆಗಷ್ಟೇ ಮೂಡುತ್ತಿದ್ದ ಈ ಪದರವನ್ನು.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಸಂಗತಿಯಿದೆ. ನೀರಿನಲ್ಲಿರುವ ಅಮೋನಿಯಾ ಎಲ್ಲವೂ ಒಂದೇ ತೆರನಾಗಿ ಕಚ್ಚುವುದಿಲ್ಲ. ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) 7, ನೀರಿನ ಬಿಸಿ 20 ಡಿಗ್ರಿ ಇದ್ದರೆ ಅದರಲ್ಲಿ ವಿಷದ ರೂಪದಲ್ಲಿರುವುದು ಶೇ. 0.4ರಷ್ಟು ಮಾತ್ರ. ಪಿಎಚ್ 8, ಬಿಸಿ 30 ಡಿಗ್ರಿ ಆದರೆ ಅದು ಸುಮಾರು ಶೇ. 7.5ಕ್ಕೆ ಏರುತ್ತದೆ. ಅಂದರೆ ಟೆಸ್ಟ್ ಕಿಟ್ ಒಂದೇ ಅಂಕಿ ತೋರಿಸಿದರೂ ನಮ್ಮ ಬೇಸಿಗೆಯ ಬೋರ್ ನೀರಿನಲ್ಲಿ ವಿಷ ಹದಿನೆಂಟು ಪಟ್ಟು. ಬೇರೆ ಊರಿನವರು ‘ಲೀಟರಿಗೆ 0.5 ಮಿಲಿಗ್ರಾಂ (ಪಿಪಿಎಂ) ಇದ್ದರೆ ನಾಳೆ ನೋಡೋಣ’ ಎಂದರೆ ಅವರಿಗೆ ಸರಿಹೋದೀತು. ನಾವು 0.25 ಕಂಡ ಕೂಡಲೇ ಬಕೆಟ್ ಹಿಡಿಯಬೇಕು.

ಟ್ಯಾಂಕು ಮತ್ತು ಅದರ ಜಾಗ

ಗಾಜಿನ ಬೋಗುಣಿ ಬೇಡವೇ ಬೇಡ. ಒಂದು ಗೋಲ್ಡ್‌ಫಿಶ್‌ಗೆ 75 ಲೀಟರ್, ನಂತರದ ಪ್ರತಿ ಮೀನಿಗೆ 40 ಲೀಟರ್ ಎಂದು ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅಂಗಡಿಯಲ್ಲಿ ಮೊದಲು ತೋರಿಸುವ ಎರಡು ಅಡಿಯ ಟ್ಯಾಂಕ್ (60×30×30) ಹಿಡಿಯುವುದು 54 ಲೀಟರ್, ಅದು ಒಂದು ಮೀನಿಗೂ ಇಕ್ಕಟ್ಟು. ಮೂರು ಅಡಿಯದು (90×38×38) 130 ಲೀಟರ್, ಎರಡು ಮೀನಿಗೆ ನೆಮ್ಮದಿ. ನೀರು ಹೆಚ್ಚಿದ್ದಷ್ಟೂ ನಮ್ಮ ತಪ್ಪುಗಳನ್ನು ಅದು ತಡೆದುಕೊಳ್ಳುತ್ತದೆ.

ತುಂಬಿದ ಮೇಲೆ ಅದು ಒಂದೂವರೆ ಕ್ವಿಂಟಲ್ ದಾಟುವುದರಿಂದ ಸ್ಟ್ಯಾಂಡ್ ಗಟ್ಟಿಯಿರಲಿ. ಪಡುವಣ ಗೋಡೆಗೆ ಇಡಬೇಡಿ, ಸಂಜೆಯವರೆಗೂ ಆ ಗೋಡೆ ಕಾಯ್ದಿರುತ್ತದೆ. ಆರ್‌ಸಿಸಿ ಛಾವಣಿಯ ಮೇಲಿನ ಅಂತಸ್ತಿಗಿಂತ ಕೆಳಮನೆ ಲೇಸು.

ಫಿಲ್ಟರಿನಲ್ಲಿ ಹೊಸಬರಿಗೆ ನಾನು ಹೇಳುವುದು ಏರ್ ಪಂಪಿನಿಂದ ನಡೆಯುವ ದೊಡ್ಡ ಸ್ಪಾಂಜ್ ಫಿಲ್ಟರ್, ಆದರೆ ಎರಡು. ಅಗ್ಗ, ಕೆಡುವ ಭಾಗ ಕಡಿಮೆ, ಗಾಳಿಯನ್ನೂ ಕೊಡುತ್ತದೆ. ಏರ್ ಪಂಪ್ ಎಳೆಯುವ ಕರೆಂಟ್ ಕೆಲವೇ ವ್ಯಾಟ್ ಆದ್ದರಿಂದ ಮನೆಯ ಇನ್ವರ್ಟರಿಗೆ ಹೊರೆಯಾಗುವುದಿಲ್ಲ.

ತಳಕ್ಕೆ ಹಾಕುವ ಕಲ್ಲಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಗುಡ್ಡಗಳ ಬೆಣಚು, ಗ್ರಾನೈಟ್ ಕಲ್ಲು ತೊಂದರೆ ಕೊಡುವುದಿಲ್ಲ. ನೆಲಹಾಸಿನ ಶಹಾಬಾದಿ ಕಲ್ಲು ಸುಣ್ಣದ ಕಲ್ಲು, ಮೊದಲೇ ಗಡಸಾದ ನೀರನ್ನು ಅದು ಇನ್ನಷ್ಟು ಗಡಸು ಮಾಡುತ್ತದೆ. ಅನುಮಾನವಿದ್ದರೆ ಕಲ್ಲಿನ ಮೇಲೆ ನಿಂಬೆರಸ ಹಿಂಡಿ, ನೊರೆ ಎದ್ದರೆ ಬಿಡಿ. ಸಂಡೂರು ಕಡೆಯ ಅದಿರಿನ ಕಲ್ಲು ನೋಡಲು ಚೆಂದವೇ, ಆದರೂ ಟ್ಯಾಂಕಿಗೆ ಬೇಡ. ಹೊಳೆಯ ಮರಳಾದರೆ ನೀರು ತಿಳಿಯಾಗುವ ತನಕ ಹತ್ತು ಸಲವಾದರೂ ತೊಳೆಯಿರಿ.

ಯಾವ ನೀರು ತುಂಬಬೇಕು?

ಇಲ್ಲೇ ನಮ್ಮ ಜನ ಹೆಚ್ಚು ಎಡವುವುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನೀರಿರುತ್ತದೆ: ನಳದ್ದು, ಬೋರಿನದು, ಕುಡಿಯಲು ತಂದ ಆರ್‌ಒ ಕ್ಯಾನಿನದು.

ನಳದ ನೀರು ಕೃಷ್ಣೆಯದೋ ತುಂಗಭದ್ರೆಯದೋ ಆದರೆ ಬೋರಿಗಿಂತ ಮೆದುವಾಗಿರುತ್ತದೆ, ಗೋಲ್ಡ್‌ಫಿಶ್‌ಗೆ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿರುವ ತೊಡಕು ಕ್ಲೋರಿನ್. ಅದು ಮೀನಿನ ಕಿವಿರು ಸುಡುತ್ತದೆ, ನಾವು ಸಾಕುತ್ತಿರುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಡ್ರಮ್ಮಿನಲ್ಲಿ ಹಿಡಿದು, ಏರ್ ಪಂಪಿನ ಕೊಳವೆ ಇಳಿಬಿಟ್ಟು 24 ಗಂಟೆ ಗುಳ್ಳೆ ಬಿಡಿ, ಕ್ಲೋರಿನ್ ಹಾರಿಹೋಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಅಕ್ವೇರಿಯಂ ಅಂಗಡಿಯ ‘ಆಂಟಿ ಕ್ಲೋರಿನ್’ ಬಳಸಿ. ಅದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋದವರ ಹೈಪೋ. ಬಾಟಲಿಯ ಮೇಲೆ ಬರೆದ ಅಳತೆಯಂತೆಯೇ ಹಾಕಿ. ನೆಲದೊಳಗಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರನ್ನು ಟ್ಯಾಂಕಿನ ಹತ್ತಿರ ತರಬೇಡಿ.

ಬೋರ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಲವಣ ಹೆಚ್ಚು. ಹೊಲಗಳ ನಡುವಿನ ಊರುಗಳಲ್ಲಿ ಗೊಬ್ಬರದ ನೈಟ್ರೇಟ್ ಬೋರಿಗೇ ಇಳಿದಿರುವುದುಂಟು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ನಿಮ್ಮ ಬೋರೇ ಅದನ್ನು ದಾಟಿದ್ದರೆ ಆ ನೀರಿನಿಂದ ಟ್ಯಾಂಕಿನ ನೈಟ್ರೇಟ್ ಇಳಿಸಲು ಆಗುವುದಿಲ್ಲ. ಆದ್ದರಿಂದ ಟ್ಯಾಂಕಿಗಿಂತ ಮೊದಲು ಬೋರಿನ ನೀರನ್ನೇ ಪರೀಕ್ಷಿಸಿ. ಆಗಷ್ಟೇ ಎತ್ತಿದ ಬೋರ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ ಕಡಿಮೆ ತೋರಿಸುತ್ತದೆ. ಒಂದು ದಿನ ಗುಳ್ಳೆ ಬಿಟ್ಟ ನಂತರದ ಅಂಕಿಯೇ ನಿಜವಾದದ್ದು.

‘ನಾವು ಕುಡಿಯುವ ಶುದ್ಧ ನೀರನ್ನೇ ಮೀನಿಗೂ ಹಾಕಿದೆವು, ಆದರೂ ಸತ್ತವು’ ಎನ್ನುವವರನ್ನು ನಾನು ಎಷ್ಟೋ ಬಾರಿ ಭೇಟಿಯಾಗಿದ್ದೇನೆ. ಪ್ರೀತಿಯಿಂದ ಮಾಡಿದ ತಪ್ಪದು. ಆರ್‌ಒ ನೀರಿನಲ್ಲಿ ಕ್ಷಾರಗುಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಮೋನಿಯಾ ಕರಗಿಸುವಾಗ ಬ್ಯಾಕ್ಟೀರಿಯಾಗಳು ನೀರಿನ ಈ ಕ್ಷಾರಗುಣವನ್ನೇ ಖರ್ಚು ಮಾಡುತ್ತವೆ. ಅದು ಮುಗಿದರೆ ಪಿಎಚ್ ಕುಸಿದು ಬ್ಯಾಕ್ಟೀರಿಯಾಗಳ ಕೆಲಸವೇ ನಿಲ್ಲುತ್ತದೆ. ಆಗ ಅಮೋನಿಯಾ ಏರುತ್ತಾ ಹೋಗುತ್ತದೆ. ಪಿಎಚ್ ತಗ್ಗಿರುವ ತನಕ ಅದು ವಿಷದ ರೂಪ ತಾಳುವುದಿಲ್ಲ. ಆ ಹೊತ್ತಿಗೆ ಗಾಬರಿಯಿಂದ ಅರ್ಧ ಟ್ಯಾಂಕ್ ಬೋರ್ ನೀರು ಸುರಿದಿರೋ, ಪಿಎಚ್ ಒಮ್ಮೆಲೇ ಮೇಲೇರಿ ಕೂಡಿಟ್ಟ ಅಮೋನಿಯಾ ಎಲ್ಲ ವಿಷವಾಗುತ್ತದೆ. ಹಾಗೆ ಸಿಕ್ಕಿಬಿದ್ದವರು ಮೊದಲ ಒಂದೆರಡು ದಿನ ಟ್ಯಾಂಕಿನಂಥದೇ ಆರ್‌ಒ ನೀರಿನಿಂದ ಬದಲಿಸಿ ಅಮೋನಿಯಾ ತಗ್ಗಿಸಿಕೊಳ್ಳಲಿ, ಬೋರ್ ನೀರನ್ನು ಆಮೇಲೆ ತಂಬಿಗೆ ತಂಬಿಗೆಯಾಗಿ ಸೇರಿಸಲಿ.

ನನ್ನ ಅನುಭವದಲ್ಲಿ ಒಳ್ಳೆಯದು ಬೆರಕೆ. ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 1200, ಆರ್‌ಒದ್ದು 50 ಎಂದುಕೊಳ್ಳಿ. ಅರ್ಧಕ್ಕರ್ಧ ಬೆರೆಸಿದರೆ 625, ಎರಡು ಕೊಡ ಆರ್‌ಒಗೆ ಒಂದು ಕೊಡ ಬೋರ್ ಹಾಕಿದರೆ 433. 400ರಿಂದ 600ರ ನಡುವೆ ಬಂದರೆ ಸಾಕು. ಕ್ಷಾರಗುಣ ಅಳೆಯುವ ಕೆಎಚ್ ಕಿಟ್‌ನಲ್ಲಿ ಕನಿಷ್ಠ 4 ಡಿಗ್ರಿ ಇರಲಿ. ಪಿಎಚ್ 7ರಿಂದ 8.4ರ ತನಕ ಗೋಲ್ಡ್‌ಫಿಶ್ ಸುಖವಾಗಿರುತ್ತದೆ, ಹುಣಸೆಹುಳಿ, ನಿಂಬೆ, ಪಿಎಚ್ ಇಳಿಸುವ ಬಾಟಲಿ ಯಾವುದೂ ಬೇಡ. ಇನ್ನೊಂದು ಮಾತು: ಟಿಡಿಎಸ್ ಮೀಟರ್ ಅಮೋನಿಯಾ ತೋರಿಸುವುದಿಲ್ಲ. ಅದು ಒಳ್ಳೆಯ ಅಂಕಿ ತೋರಿಸಿತೆಂದು ನಂಬಿ ಕೂರಬೇಡಿ.

ಬೆರಕೆಯ ಲೆಕ್ಕವನ್ನು ವರ್ಷಕ್ಕೆ ಎರಡು ಮೂರು ಸಲ ಮತ್ತೆ ಹಾಕಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಬಳಸುವ ಸಿಂಧನೂರಿನಂಥ ಊರುಗಳಲ್ಲಿ ಕಾಲುವೆ ನಿಂತ ಮೇಲೆ ಅದೇ ನಳದ ನೀರಿನ ಗುಣ ಬದಲಾಗುತ್ತದೆ. ಮಳೆಗಾಲದ ಕೆಂಪು ನೀರನ್ನು ಡ್ರಮ್ಮಿನಲ್ಲಿ ತಿಳಿಗೊಳಿಸಿಯೇ ಹಾಕಿ.

ಮೀನಿಲ್ಲದೆ ಟ್ಯಾಂಕ್ ಹದಗೊಳಿಸುವುದು

ಇದೇ ಈ ಬರಹದ ಹೃದಯ. ಮಕ್ಕಳನ್ನು ಸಮಾಧಾನಪಡಿಸುವುದು ಕಷ್ಟ, ಗೊತ್ತು. ನನ್ನ ಮಗಳಿಗೆ ಎರಡನೇ ಸಲ ಕ್ಯಾಲೆಂಡರಿನ ಮೇಲೆ ಬಣ್ಣ ಬರೆಯುವ ಕೆಲಸ ಕೊಟ್ಟೆ: ದಿನಾ ಟೆಸ್ಟ್ ಕಿಟ್‌ನ ಕೊಳವೆಯಲ್ಲಿ ಬಂದ ಬಣ್ಣವನ್ನು ಆ ತಾರೀಖಿನ ಮನೆಯಲ್ಲಿ ತುಂಬುವುದು. ಐದು ವಾರ ಅವಳೇ ನನಗೆ ನೆನಪಿಸಿದಳು.

ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕನ್ನೂ ಅಳೆಯುವ, ಹನಿ ಹಾಕುವ ಟೆಸ್ಟ್ ಕಿಟ್ ಕೊಳ್ಳಿ. ಕಾಗದದ ಪಟ್ಟಿಗಿಂತ ಹನಿಯದು ನಂಬಿಕೆಗೆ ಅರ್ಹ. ಮೀನಿಗಿಂತ ಅದರ ಬೆಲೆ ಹೆಚ್ಚೆನಿಸಿದರೂ ಹಿಂಜರಿಯಬೇಡಿ.

1. ನೀರು ತುಂಬಿ, ಫಿಲ್ಟರ್ ಹಚ್ಚಿ, ಒಂದು ದಿನ ಬಿಡಿ. ಇನ್ನು ಮೇಲೆ ಹಗಲು ರಾತ್ರಿ ಫಿಲ್ಟರ್ ನಿಲ್ಲಬಾರದು.

2. ಬ್ಯಾಕ್ಟೀರಿಯಾಗಳಿಗೆ ಉಣ್ಣಲು ಅಮೋನಿಯಾ ಬೇಕು. ಸುಲಭದ ದಾರಿ, ಮೀನಿದ್ದರೆ ಹಾಕುವಷ್ಟೇ ಆಹಾರವನ್ನು ದಿನಾ ಒಂದು ಚಿಟಿಕೆ ಹಾಕಿ ಕೊಳೆಯಲು ಬಿಡುವುದು. ಅಳತೆ ಬೇಕೆನ್ನುವವರು ಲ್ಯಾಬ್ ಕೆಮಿಕಲ್ ಅಂಗಡಿಯ ಶುದ್ಧ ಅಮೋನಿಯಂ ಕ್ಲೋರೈಡ್ ತರಬಹುದು. 100 ಲೀಟರಿಗೆ 0.6 ಗ್ರಾಂ ಹಾಕಿದರೆ ಸುಮಾರು 2 ಪಿಪಿಎಂ ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಅದರಲ್ಲಿ ಏನೇನು ಬೆರೆತಿರುತ್ತದೋ, ಅದು ಬೇಡ.

3. ಗೆಳೆಯರ ಮನೆಯಲ್ಲಿ ರೋಗವಿಲ್ಲದ ಹಳೆಯ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಒಂದು ತುಂಡು ಸ್ಪಾಂಜ್ ಬೇಡಿ ತನ್ನಿ. ಮೊಸರಿಗೆ ಹೆಪ್ಪು ಹಾಕಿದಂತೆ, ವಾರಗಳ ಕೆಲಸ ದಿನಗಳಲ್ಲಿ ಮುಗಿಯಬಹುದು. ಅವರ ಟ್ಯಾಂಕಿನ ನೀರಲ್ಲೇ ಅದ್ದಿಕೊಂಡು ತನ್ನಿ, ದಾರಿಯಲ್ಲಿ ಒಣಗಬಾರದು.

4. ಮೂರನೇ ನಾಲ್ಕನೇ ದಿನ ನೀರು ಹಾಲು ಬೆರೆಸಿದಂತೆ ಮಸುಕಾಗಬಹುದು. ಕೊಳೆತ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳ ಗದ್ದಲವದು, ತಾನಾಗಿ ಇಳಿಯುತ್ತದೆ. ತೊಳೆಯಲು ಹೋಗಬೇಡಿ.

5. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯತೊಡಗಿದಾಗ ನೈಟ್ರೈಟ್ ಏರುತ್ತದೆ, ಎಷ್ಟೋ ದಿನ ಅಲ್ಲೇ ಕೂತುಬಿಡುತ್ತದೆ. ಈ ಹಂತದಲ್ಲೇ ತಾಳ್ಮೆ ಕಳೆದುಕೊಂಡು ಮೀನು ತರುವವರು ಹೆಚ್ಚು. ಆಮೇಲೆ ನೈಟ್ರೈಟ್ ಎರಡು ಮೂರು ದಿನದಲ್ಲೇ ಕುಸಿದು ನೈಟ್ರೇಟ್ ಬಣ್ಣ ಗಾಢವಾಗುತ್ತದೆ.

6. 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕ್ ಹದಕ್ಕೆ ಬಂತು. ಆಹಾರ ಹಾಕಿ ಮಾಡಿದವರು ಎರಡೂ ಒಂದು ವಾರ ಸತತವಾಗಿ ಸೊನ್ನೆ ಇರುವುದನ್ನು ನೋಡಿಕೊಳ್ಳಿ. ಬಳಿಕ ಮುಕ್ಕಾಲು ಪಾಲು ನೀರು ಬದಲಿಸಿ ಮೀನು ತನ್ನಿ.

ನಮ್ಮ ಊರಿನ ಹವೆ ಇಲ್ಲಿ ನೆರವಿಗೆ ಬರುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ 25ರಿಂದ 30 ಡಿಗ್ರಿ ಬಲು ಹಿತ. ಬೋರ್ ನೀರಿನ ಕ್ಷಾರಗುಣವೂ ಅವುಗಳಿಗೆ ಬೇಕಾದದ್ದೇ. ಗೌರಿ ಹುಣ್ಣಿಮೆಯ ಚಳಿಗಾಲದಲ್ಲಿ ಶುರುಮಾಡಿದ ಟ್ಯಾಂಕಿಗಿಂತ ಶ್ರಾವಣದಲ್ಲಿ ಶುರುಮಾಡಿದ್ದು ನನಗೆ ಬೇಗ ಹದವಾಯಿತು.

ಮೀನು ಮನೆಗೆ ಬಂದ ದಿನ

ಮೊದಲು ಒಂದೇ ಮೀನು. ಎರಡು ವಾರ ಅಂಕಿಗಳು ಸೊನ್ನೆಯಲ್ಲೇ ನಿಂತರೆ ಎರಡನೆಯದು. ಚೀಲವನ್ನು ಹದಿನೈದು ನಿಮಿಷ ನೀರಿನ ಮೇಲೆ ತೇಲಿಬಿಟ್ಟು ಬಿಸಿ ಸರಿಹೊಂದಿಸಿ, ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಸೇರಿಸಿ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ರಾತ್ರಿಯಿಡೀ ಪ್ರಯಾಣ ಮಾಡಿ ತಂದಿದ್ದರೆ ಚೀಲ ಬಿಚ್ಚಿದ ಮೇಲೆ ತಡಮಾಡಬೇಡಿ. ಮುಚ್ಚಿದ ಚೀಲದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ತಗ್ಗಿರುತ್ತದೆ. ಬಿಚ್ಚಿದ ಕೂಡಲೇ ಅದು ಹಾರಿ ಪಿಎಚ್ ಏರುತ್ತದೆ, ಚೀಲದೊಳಗಿನ ಅಮೋನಿಯಾ ವಿಷವಾಗುತ್ತದೆ.

ಮೊದಲ ತಿಂಗಳು ದಿನಕ್ಕೊಂದೇ ಹೊತ್ತು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ವಾರಕ್ಕೊಮ್ಮೆ ಕೊಡಿ. ಗುಡಿಯ ಹೊಂಡದ ಮೀನಿಗೆ ಮಂಡಾಳು ಹಾಕಿದ ನೆನಪಿನಲ್ಲಿ ಅಜ್ಜಿಯರು ಇದಕ್ಕೂ ಒಂದು ಹಿಡಿ ಹಾಕುತ್ತಾರೆ. ಅದನ್ನು ಮೆಲ್ಲಗೆ, ಬೇಸರವಾಗದಂತೆ ತಪ್ಪಿಸಿ.

ಮೊದಲೇ ಮೀನು ಬಿಟ್ಟುಬಿಟ್ಟಿದ್ದರೆ

ಬಹಳ ಜನ ಇದನ್ನು ಓದುವ ಹೊತ್ತಿಗೆ ಮೀನು ಟ್ಯಾಂಕಿನಲ್ಲಿರುತ್ತದೆ. ಉಳಿಸಬಹುದು. ದಿನಾಲೂ ಪರೀಕ್ಷೆ ಮಾಡಿ. ಅಮೋನಿಯಾ ಇಲ್ಲವೇ ನೈಟ್ರೈಟ್ 0.25 ಮುಟ್ಟಿದರೆ ಅಂದೇ ಮೂರನೇ ಒಂದು ಪಾಲು, 0.5 ದಾಟಿದರೆ ಅರ್ಧ ನೀರು ಬದಲಿಸಿ. ಎರಡು ದಿನಕ್ಕೊಮ್ಮೆ ಮಾತ್ರ ಆಹಾರ. ಫಿಲ್ಟರ್ ಮುಟ್ಟಲೇಬೇಡಿ.

ನೈಟ್ರೈಟ್ ಮೀನಿನ ರಕ್ತಕ್ಕಿಳಿದು ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಅಯೋಡಿನ್ ಸೇರಿಸದ ಕಲ್ಲುಪ್ಪು ಇದನ್ನು ತಡೆಯುತ್ತದೆ, ಏಕೆಂದರೆ ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ನುಗ್ಗುವ ದಾರಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಲೀಟರಿಗೆ 1 ಗ್ರಾಂನಂತೆ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಎರಡು ಮೂರು ಕಂತಿನಲ್ಲಿ ಸೇರಿಸಿ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ನೀರು ಬದಲಿಸಿದಾಗ ಹೊರಹೋದ ನೀರಿನ ಪಾಲಿನಷ್ಟು ಮಾತ್ರ ಮತ್ತೆ ಹಾಕಿ.

ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುವುದು, ರೆಕ್ಕೆ ಮಡಚಿ ತಳದಲ್ಲಿ ಕೂರುವುದು, ರೆಕ್ಕೆಯಲ್ಲಿ ಕೆಂಪು ಗೆರೆ ಮೂಡುವುದು: ಇವನ್ನು ಕಂಡರೆ ಔಷಧಿಯ ಅಂಗಡಿಗೆ ಓಡುವ ಮೊದಲು ನೀರು ಪರೀಕ್ಷಿಸಿ.

ಬೇಸಿಗೆ ಮತ್ತು ಕರೆಂಟ್

ಗೋಲ್ಡ್‌ಫಿಶ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ. ನಮ್ಮ ಮೇ ತಿಂಗಳಲ್ಲಿ ಮನೆಯೊಳಗಿನ ನೀರೇ 32 ಮುಟ್ಟುತ್ತದೆ. 20 ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32 ಡಿಗ್ರಿಯದು 7.3 ಮಾತ್ರ. ಅದೇ ಬಿಸಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು.

ಮುಚ್ಚಳ ತೆಗೆದು ಜಾಳಿಗೆ ಹಾಕಿ, ಸಣ್ಣ ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲ್ಮೈ ಸವರುವಂತೆ ಇಡಿ. ಹೂಜಿಯ ನೀರು ತಣ್ಣಗಾಗುವ ಬಗೆಯೇ ಇದು. ನಮ್ಮ ಗಾಳಿ ಒಣ ಆದ್ದರಿಂದ ಕರಾವಳಿಯವರಿಗಿಂತ ನಮಗೆ ಇದು ಚೆನ್ನಾಗಿ ಫಲಿಸುತ್ತದೆ, ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಆದರೆ ನೀರೂ ಇಳಿಯುತ್ತದೆ. ನನ್ನ ಮೂರು ಅಡಿಯ ಟ್ಯಾಂಕಿನಲ್ಲಿ ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ಲೀಟರ್ ಹೋಗುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. 1200 ಟಿಡಿಎಸ್‌ನ ಬೋರ್ ನೀರನ್ನೇ ದಿನಾ ತುಂಬಿದರೆ ತಿಂಗಳಿಗೆ 100 ಗ್ರಾಂಗೂ ಹೆಚ್ಚು ಲವಣ ಸೇರುತ್ತದೆ. ಆದ್ದರಿಂದ ಆವಿಯಾದ ಜಾಗಕ್ಕೆ ಆರ್‌ಒ ನೀರು, ವಾರದ ಬದಲಾವಣೆಗೆ ಬೆರಕೆ ನೀರು. ಬೇಸಿಗೆಯಲ್ಲಿ ಇದೊಂದು ಕ್ರಮ ನನ್ನ ಟ್ಯಾಂಕನ್ನು ಕಾಪಾಡಿದೆ.

ಛಾವಣಿಯ ಸಿಂಟೆಕ್ಸಿನ ನೀರು ಮಧ್ಯಾಹ್ನ ಕೈ ಸುಡುತ್ತದೆ. ನಸುಕಿನಲ್ಲೇ ಹಿಡಿದಿಟ್ಟುಕೊಳ್ಳಿ. ಹಾಕುವ ನೀರಿಗೂ ಟ್ಯಾಂಕಿಗೂ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ತೀರಾ ಕಾಯ್ದ ದಿನ ಫ್ರಿಜ್ಜಿನಲ್ಲಿ ಗಡ್ಡೆಕಟ್ಟಿದ ನೀರಿನ ಬಾಟಲಿಯೊಂದನ್ನು ತೇಲಿಬಿಡಬಹುದು, ಒಂದಾದ ಮೇಲೊಂದು, ಅವಸರವಿಲ್ಲದೆ.

ಕರೆಂಟ್ ಹೋದರೆ ಮೀನಿಗೆ ಉಸಿರು ಕಟ್ಟುತ್ತದೆ, ಸ್ಪಾಂಜಿನ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಸಿಗುವುದಿಲ್ಲ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಅದೂ ಇಲ್ಲವೆಂದರೆ ಚೆಂಬಿನಲ್ಲಿ ಟ್ಯಾಂಕಿನದೇ ನೀರು ಎತ್ತಿ ಒಂದು ಗೇಣು ಮೇಲಿನಿಂದ ಸುರಿಯುತ್ತಿರಿ. ಅಂದು ಆಹಾರ ಹಾಕಬೇಡಿ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಆಗಿದ್ದು ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ಕೊಳೆತ ನೀರು ಚೆಲ್ಲಿಯೇ ಮತ್ತೆ ಹಚ್ಚಿ.

ವಾರದ ಕೆಲಸ

ವಾರಕ್ಕೊಮ್ಮೆ ಮೂರನೇ ಒಂದರಿಂದ ಅರ್ಧ ನೀರು ಬದಲಿಸಿ. ಕೊಳವೆಯಿಂದ ತಳದ ಹೊಲಸನ್ನು ಎಳೆದು ತೆಗೆಯಿರಿ. ನೈಟ್ರೇಟ್ 40ರ ಒಳಗಿರಲಿ. ತಿಂಗಳಿಗೊಮ್ಮೆ ಒಂದು ಸ್ಪಾಂಜನ್ನು, ಮುಂದಿನ ತಿಂಗಳು ಇನ್ನೊಂದನ್ನು, ಟ್ಯಾಂಕಿನಿಂದ ತೆಗೆದ ನೀರಲ್ಲೇ ಎರಡು ಮೂರು ಸಲ ಹಿಂಡಿ ಮತ್ತೆ ಹಾಕಿ. ನಳದ ಕೆಳಗೆ ಎಂದೂ ಬೇಡ. ತೆಗೆದ ನೀರು ಕರಿಬೇವಿಗೆ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ, ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಬೇಡ. ಸಾಕಲಾಗದ ಮೀನನ್ನು ಕೆರೆಗೋ ಕಾಲುವೆಗೋ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಅದು ಕುತ್ತು.

ಜನವರಿಯಲ್ಲಿ ಗವಿಮಠದ ಜಾತ್ರೆಗೆಂದು ಕೊಪ್ಪಳಕ್ಕೆ ಹೋದರೆ ನಾವು ಮೂರ್ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಬೆಳೆದ ಗೋಲ್ಡ್‌ಫಿಶ್ ಒಂದು ವಾರ ಉಪವಾಸ ತಡೆಯುತ್ತದೆ. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಆಹಾರದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಪಕ್ಕದ ಮನೆಯ ಅಕ್ಕನಿಗೆ ಕೀಲಿ ಕೊಟ್ಟು ಹೇಳುವುದು ಇಷ್ಟೇ: ‘ಅಕ್ಕಾ, ಏನೂ ಹಾಕಬ್ಯಾಡ್ರಿ. ಮುಂಜಾನೆ, ಸಂಜಿ ಬಂದು ಗುಳ್ಳಿ ಬರ್ತಾವೇನು ಅಂತ ನೋಡಿದ್ರ ಸಾಕು.’